ಎಕ್ಸ್‌ರೇ ಕೋಣೆಯ ‘ಹಿಡಿಯೋ ಅಕ್ಕ’

ಇದನ್ನು ಬರೆಯಬೇಕಿದ್ದವರು ವಿಕಿರಣದ ವಿಷಯ ಓದಿಕೊಂಡವರು. ಸಂಜೆ ಕಾಲೇಜಿನ ಅರೆಬರೆ ತಿಳಿವಳಿಕೆಯಲ್ಲಿ ನಾನು ಬರೆದಿದ್ದೇನೆ; ತಪ್ಪು ಕಂಡರೆ ಬಲ್ಲವರು ಮನ್ನಿಸಬೇಕು.

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಕಿರುಚುತ್ತಿದ್ದಾಳೆ. ಎದೆಯಲ್ಲಿ ಕಫ. ತಣ್ಣನೆಯ ಮೇಜಿನ ಮೇಲೆ ಮಲಗಲು ಒಲ್ಲಳು. ತಾಯಿ ತುಂಬು ಬಸುರಿ, ಒಳಗೆ ಬರುವಂತಿಲ್ಲ. ಆಯಾ ಕೆಲಸದ ಅಕ್ಕ ಸೀಸದ ಏಪ್ರನ್ ತೊಟ್ಟು, ಮಗುವಿನ ಎರಡೂ ಕೈಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ ಹಿಡಿದು, ಮುಖದ ಹತ್ತಿರ ಮುಖ ತರುತ್ತಾರೆ.

“ನೋಡೇ, ನನ್ನ ಮೂಗು ಎಷ್ಟು ದಪ್ಪ! ಕಚ್ತೀಯಾ?”

ಮಗು ಒಂದು ಗಳಿಗೆ ಅಳು ಮರೆಯುತ್ತದೆ. ಅಷ್ಟು ಸಾಕು. ಗಾಜಿನಾಚೆ ಟೆಕ್ನಿಷಿಯನ್ ಗುಂಡಿ ಒತ್ತುತ್ತಾನೆ.

“ಅಕ್ಕ, ನಿಮ್ಮನೇಲಿ ರಾತ್ರಿ ದೀಪಾನೇ ಬೇಡ. ನೀವೇ ಮಿಣಮಿಣ ಅಂತೀರಿ.”

“ಅನ್ನಪ್ಪ, ಅನ್ನು. ಕರೆಂಟ್ ಬಿಲ್ ಉಳಿಯುತ್ತೆ.”

ಅಕ್ಕ ನೆಲ ಒರೆಸಲು ಸೇರಿದವರು. ಒಮ್ಮೆ ಒದ್ದಾಡುತ್ತಿದ್ದ ಮಗುವನ್ನು ಹಿಡಿದುಕೊಟ್ಟರು. ಚಿತ್ರ ಮೊದಲ ಸಲಕ್ಕೇ ಚೆನ್ನಾಗಿ ಬಂತು. ಅಂದಿನಿಂದ ಅದೇ ಅವರ ಕೆಲಸ. ಕೆಲವು ದಿನ ಹತ್ತು ಮಕ್ಕಳು, ಕೆಲವು ದಿನ ಇಪ್ಪತ್ತು.

ವಿಕಿರಣದ ನಡುವೆ ದುಡಿಯುವವರ ಮೈಗೆ, ಕಣ್ಣಿಗೆ ವರ್ಷಕ್ಕೆ ಇಷ್ಟೇ ತಗಲಬಹುದು ಎಂದು ದೇಶದ ನಿಯಮ ಮಿತಿ ಹಾಕಿದೆ. ರೋಗಿಗಳನ್ನು ಹಿಡಿಯುವುದನ್ನೇ ಒಬ್ಬರ ಕೆಲಸವಾಗಿಸಬಾರದು ಎಂದೂ ಹೇಳುತ್ತದೆ. ಆದರೆ ಆಯಾ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ನಾಲ್ಕು ವರ್ಷದ ಹಿಂದೆ ತಪಾಸಣೆಗೆ ಬಂದ ಅಧಿಕಾರಿ ಗದರಿದ ಮೇಲೆ, ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜೊಂದು ಅಕ್ಕನಿಗೆ ಬಂತು. ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಬ್ಯಾಡ್ಜು ಅದು. ಹಿಡಿಯುವ ಕೆಲಸ ಮಾತ್ರ ನಿಲ್ಲಲಿಲ್ಲ.

ಈಗ ಅಕ್ಕನ ಎಡಗಣ್ಣಿಗೆ ಪೊರೆ ಬಂದಿದೆ. ವಯಸ್ಸು ನಲವತ್ತಾರು. ಸೂಜಿಗೆ ದಾರವನ್ನು ಮಗಳೇ ಪೋಣಿಸಿಕೊಡಬೇಕು. ಇದು ಕೆಲಸದಿಂದ ಬಂದ ಕಾಯಿಲೆ, ಪರಿಹಾರ ಕೊಡಿ ಎಂದು ಮಗಳು ಆಸ್ಪತ್ರೆಯವರನ್ನು ಕೇಳಿದಳು. ಅವರು ಬ್ಯಾಡ್ಜಿನ ಅಳತೆ ತೆಗೆಸಿ ನೋಡಿದರು. ಏನೂ ತಗಲಿಲ್ಲ. ನಾಲ್ಕು ವರ್ಷವೂ ಏನೂ ತಗಲಿಲ್ಲ.

“ಅಮ್ಮಾ, ಬ್ಯಾಡ್ಜ್ ಹಾಕ್ಕೊಂಡೇ ಹಿಡೀತಿದ್ದೆ ತಾನೆ?”

“ಅಯ್ಯೋ, ಹಾಳಾಗೋಗಲ್ವೇನೆ? ಮಕ್ಕಳನ್ನ ಹಿಡಿಯೋ ಮುಂಚೆ ಬಿಚ್ಚಿ, ಗೋಡೆ ಆಚೆ ಮೊಳೆಗೆ ಹಾಕ್ತಿದ್ದೆ. ಜೋಪಾನವಾಗಿ.”

ಹಿಂದೆ ಎಕ್ಸ್‌ರೇ ಚಿತ್ರ ಫಿಲ್ಮಿನ ಮೇಲೆ ಮೂಡುತ್ತಿದ್ದ ಕಾಲದಲ್ಲಿ, ಕೋಣೆಯೊಳಗೆ ಬಿಟ್ಟ ಫಿಲ್ಮ್ ಕಿರಣ ತಾಗಿ ಕಪ್ಪಾಗುತ್ತಿತ್ತು. ಒಮ್ಮೆ ಹಾಗೆ ಬಿಟ್ಟು ಅಕ್ಕ ಚೆನ್ನಾಗಿ ಬೈಸಿಕೊಂಡಿದ್ದರು. ಆಸ್ಪತ್ರೆ ಕೊಟ್ಟ ಈ ಹೊಸ ವಸ್ತುವನ್ನೂ ಅದೇ ಭಯದಲ್ಲಿ ಕಿರಣದಿಂದ ದೂರ ಇಟ್ಟರು. ಅದು ಏಕೆ, ಏನು ಎಂದು ಯಾರೂ ಹೇಳಿರಲಿಲ್ಲ. “ಮೊಳೇಲಿ ನೋಡ್ತಾನೇ ಇದ್ದೆ. ಅಕ್ಕಂದು ಅಂತ ಹೊಳೀಲೇ ಇಲ್ಲ,” ಎಂದು ಟೆಕ್ನಿಷಿಯನ್ ತಲೆ ತಗ್ಗಿಸುತ್ತಾನೆ.

ಮಗಳ ಸಿಟ್ಟು ಇನ್ನೂ ಇಳಿದಿಲ್ಲ. “ಬ್ಯಾಡ್ಜ್ ಕಾಪಾಡಿದ್ಯಲ್ಲಮ್ಮ, ನಿನ್ನ ಯಾರು ಕಾಪಾಡ್ತಾರೆ?”

ಅಕ್ಕ ಏಪ್ರನ್ ಮೇಲಿನ ಜೊಲ್ಲು ಒರೆಸಿಕೊಳ್ಳುತ್ತಾರೆ. “ದುಡ್ಡುಗಿಡ್ಡು ಬೇಡ. ಎಷ್ಟು ತಗಲಿದೆ ಅಂತ ಯಾರಾದ್ರೂ ಹೇಳಿದ್ರೆ ಸಾಕು. ಇನ್ನೊಂದು ಕಣ್ಣಿಗೂ ಬರುತ್ತಾ ಅಂತ ಗೊತ್ತಾಗ್ಬೇಕಲ್ಲ.”

ಪೊರೆ ಕಿರಣದಿಂದ ಬಂತೋ ತಾನಾಗಿಯೇ ಬಂತೋ, ಕಣ್ಣಿನ ವೈದ್ಯರೂ ಹೇಳಲಾರರು. ಇಷ್ಟು ವರ್ಷದಲ್ಲಿ ಅಕ್ಕನ ಮೈಗೆ ತಗಲಿದ್ದೆಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಎಲ್ಲರನ್ನೂ ಕೇಳಿಕೊಂಡು ಬಂದು ಬರೆದ ನನಗೂ ಗೊತ್ತಾಗಲಿಲ್ಲ.