ಇತಿಹಾಸದ ಮಾಸ್ತರರಿಗೊಂದು ಪಾರಿತೋಷಕ

ನಿನ್ನೆ ಸಂಜೆ ಒಬ್ಬ ತರುಣ ಮನೆಗೆ ಬಂದು ಒಂದು ಕಾಗದ ಮುಂದಿಟ್ಟ. ಇತಿಹಾಸವನ್ನು ಚೆನ್ನಾಗಿ ಕಲಿಸಿದ ಮಾಸ್ತರರಿಗೆ ವರ್ಷಾ ವರ್ಷಾ ಕೊಡುವ ಪಾರಿತೋಷಕಕ್ಕೆ ಇನ್ನು ಮುಂದೆ ನನ್ನ ಹೆಸರಿಡುತ್ತಾರಂತೆ. ಓದಿ ಹಿಗ್ಗಬೇಕಿತ್ತು. ಮೈಯೆಲ್ಲ ಉರಿಯಿತು. ಸಿಟ್ಟು ಯಾರ ಮೇಲೆ ಎನ್ನುತ್ತೀರಾ? ತುಸು ತಡೆಯಿರಿ, ಹೇಳುತ್ತೇನೆ.

ಇಪ್ಪತ್ತು ವರ್ಷಗಳ ಹಿಂದೆ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಇಬ್ಬರು ಇತಿಹಾಸ ಕಲಿಸುತ್ತಿದ್ದೆವು, ನಾನು ಮತ್ತು ರಾಚಪ್ಪ ಮಾಸ್ತರರು. ನನ್ನದು ಇಸ್ತ್ರಿ ಮಾಡಿದ ಕೋಟು, ಬಾಯಿಪಾಠ. ಅವರು ರವಿವಾರ ಬಂತೆಂದರೆ ಹುಡುಗರನ್ನು ಕರೆದುಕೊಂಡು ಹತ್ತಿರದ ಮುಗದ ಹಳ್ಳಿಯ ದಾರಿ ಹಿಡಿಯುವವರು. ಅಲ್ಲಿ ಹಳ್ಳದ ದಂಡೆಗೆ ಹಳೆಯ ಬರಹದ ಕಲ್ಲೊಂದಿತ್ತು. ಅದನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಅಂಟಿಸಿ, ಮಸಿ ಒತ್ತಿ ಅಕ್ಷರಗಳ ಪ್ರತಿ ತೆಗೆಯುವುದೇ ಅವರ ಪಾಠ. ಸೋಮವಾರ ಅವರ ಅಂಗಿಯ ತುಂಬ ಕರಿ ಮಸಿ. ನೋಡಿ ನಗುತ್ತಿದ್ದೆ, ಮೂರ್ಖ ನಾನು!

ಆ ವರ್ಷ ಪಾರಿತೋಷಕಕ್ಕಾಗಿ ಸಾಹೇಬರೊಬ್ಬರು ನಮ್ಮಿಬ್ಬರ ಕ್ಲಾಸನ್ನೂ ತಪಾಸಿಸಲು ಬಂದರು. ಗೆದ್ದವರಿಗೆ ಶಾಲು, ಜೊತೆಗೆ ಗೆದ್ದವರೇ ಬರೆದ ಒಂದು ಪುಸ್ತಕವನ್ನು ಅಚ್ಚು ಹಾಕಿಸಿ ಕೊಡುತ್ತಿದ್ದರು. ರಾಚಪ್ಪ ಮಾಸ್ತರರಿಗೆ ಬೇಕಾದದ್ದು ಆ ಅಚ್ಚು ಮಾತ್ರ. ಅವರ ಹುಡುಗರು ಪ್ರತಿ ಬಿಚ್ಚಿ, ಕಳ್ಳರ ಕೈಯಿಂದ ಊರ ದನ ಬಿಡಿಸಲು ಹೋಗಿ ಸತ್ತ ಒಬ್ಬ ಕುಂಬಾರನ ಸುದ್ದಿ ಓದಿದರು.

"ಇದು ಯಾವ ಪುಸ್ತಕದಾಗ ಅದರೀ?" ಎಂದರು ಸಾಹೇಬರು.

"ಪುಸ್ತಕದಾಗ ಇಲ್ರೀ ಸಾಹೇಬ್ರ. ಹಳ್ಳದ ದಂಡಿ ಮ್ಯಾಲ ಐತಿ. ಬರ್ರಿ, ತೋರಸ್ತೇನಿ."

"ಪುಸ್ತಕದಾಗ ಇಲ್ಲದ್ದು ಇತಿಹಾಸ ಹೆಂಗ ಆಗ್ತದರೀ?"

ಥೂ, ಇದೂ ಒಂದು ಪ್ರಶ್ನೆಯೇ! ನನ್ನ ಹುಡುಗರೋ, ಗವರ್ನರ್ ಜನರಲ್‌ಗಳ ಹೆಸರುಗಳನ್ನು ಉಸಿರು ಬಿಡದೆ ಒದರಿದರು. ಶಾಲು ನನ್ನ ಹೆಗಲೇರಿತು.

ಮರುದಿನ ರಾಚಪ್ಪ ಮಾಸ್ತರರು ಪ್ರತಿಗಳ ಗಂಟು ಹಿಡಿದು ನನ್ನ ಮನೆಗೇ ಬಂದರು.

"ನಿಮ್ಮ ಹೆಸರಿಲೇನ ಅಚ್ಚ ಹಾಕಸ್ರಿ. ನನ್ನ ಹೆಸರ ಬ್ಯಾಡ. ರಸ್ತಾದ ಕೆಲಸದವರು ಆ ಕಡೆ ಕಲ್ಲು ಒಡ್ಯಾಕತ್ತಾರ. ಅದು ಉಳಿಯಂಗಿಲ್ರಿ."

"ನೋಡೋಣಂತ್ರಿ" ಎಂದೆ. ನೋಡಿದ್ದೇನು, ಮಣ್ಣು! ಪರೀಕ್ಷೆಗೆ ಬರುವ ಪ್ರಶ್ನೆ ಮತ್ತು ಉತ್ತರಗಳ ನನ್ನದೇ ಪುಸ್ತಕ ಅಚ್ಚು ಹಾಕಿಸಿಕೊಂಡೆ. ಆರು ತಿಂಗಳಲ್ಲಿ ಕಲ್ಲು ಜಲ್ಲಿಯಾಗಿ ರಸ್ತೆಗೆ ಬಿತ್ತು. ಮಾಸ್ತರರು ಬಂದು ಗಂಟನ್ನು ತೆಗೆದುಕೊಂಡು ಹೋದರು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ಮನೆಯವರು ಆ ಗಂಟನ್ನು ರದ್ದಿಗೆ ಹಾಕಿದರಂತೆ. ಅವರನ್ನು ಏನೆನ್ನಲಿ? ಅದನ್ನು ಮೊದಲು ರದ್ದಿ ಮಾಡಿದವನು ನಾನೇ.

ಆ ತರುಣನಿಗೆ ಹೇಳಿದೆ, ನನ್ನ ಹೆಸರು ಬೇಡ, ರಾಚಪ್ಪ ಮಾಸ್ತರರ ಹೆಸರಿಡಿ ಎಂದು. ಅವನು ಪಾಪ, ಕಣ್ಣು ಕಣ್ಣು ಬಿಟ್ಟ.

"ಅವರ‍್ಯಾರ್ರೀ? ಅವರಿಗೆ ಎಂದಾದ್ರೂ ಈ ಪಾರಿತೋಷಕ ಬಂದಿತ್ತೇನ್ರೀ?"

"ಬಂದಿತ್ತೋ ತಮ್ಮಾ" ಎಂದೆ. "ನಾ ಕಸಗೊಂಡೆ."