ಟಿಕೆಟ್ ಅಕ್ಕನ ಸ್ಟೇಶನ್

ನಾನು ಕಲಿಸುತ್ತಿದ್ದ ಸಿದ್ದಾಪುರದ ಹೈಸ್ಕೂಲಿನವರು ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ, ಮುಚ್ಚಿಹೋದ ನಮ್ಮ ರೈಲ್ವೆ ಸ್ಟೇಶನ್ನಿನ ಚರಿತ್ರೆ ಬರೆಯುತ್ತೇನೆಂದು ಒಪ್ಪಿಕೊಂಡೆ. ಶಿರಸಿ, ಯಲ್ಲಾಪುರದವರು ಇಂದಿಗೂ ರೈಲಿಗಾಗಿ ಮನವಿ ಕೊಡುತ್ತಲೇ ಇದ್ದಾರೆ. ಸಿದ್ದಾಪುರ ತಾಲೂಕಿನ ಅಂಚಿನಲ್ಲಿದ್ದ ನಮ್ಮೂರಿನವರಿಗೆ ಮಾತ್ರ, ಗಡಿ ದಾಟಿ ಗದ್ದೆಬಯಲಲ್ಲಿ ಎರಡು ಮೈಲಿ ನಡೆದರೆ ತಾಳಗುಪ್ಪದಿಂದ ಸಾಗರಕ್ಕೆ ಹೋಗುವ ಚಿಕ್ಕ ರೈಲು ಸಿಗುತ್ತಿತ್ತು.

ಸ್ಟೇಶನ್ ಅಂದರೆ ಹೆಂಚಿನ ಒಂದು ಕೋಣೆ, ಒಂದು ಕಲ್ಲುಬೆಂಚು, ಅಷ್ಟೆ. ಸ್ಟೇಶನ್ ಮಾಸ್ತರರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನು ನೋಡಿಕೊಳ್ಳುತ್ತಿದ್ದ ಟಿಕೆಟ್ ಕಿಟಕಿಯಲ್ಲಿ ಕುಳಿತ ಹೆಂಗಸೊಬ್ಬರು ಎಲ್ಲವನ್ನೂ ನಡೆಸುತ್ತಿದ್ದರು. ಸಾಗರದ ಕಾಲೇಜಿಗೆ ಹೋಗುವ ನಾವೆಲ್ಲ ಅವರನ್ನು ಟಿಕೆಟ್ ಅಕ್ಕ ಎನ್ನುತ್ತಿದ್ದೆವು.

ಬಿ.ಎ. ಕೊನೆಯ ಪರೀಕ್ಷೆಯ ದಿನ ನನಗೆ ತಡವಾಯಿತು. ಗದ್ದೆಯಂಚಿನಲ್ಲಿ ಓಡುತ್ತ ಬಂದಾಗ ರೈಲು ಹೊರಡುವ ಹೊತ್ತು ಮೀರಿತ್ತು. ಆದರೂ ಅದು ನಿಂತೇ ಇತ್ತು! ಟಿಕೆಟ್ ಅಕ್ಕ ಗಾರ್ಡಿನ ಪಕ್ಕದಲ್ಲಿ ನಿಂತಿದ್ದರು. "ಹತ್ತು ತಂಗಿ, ಬೇಗ ಹತ್ತು" ಎಂದರು. ಹತ್ತಿದೆ, ಪರೀಕ್ಷೆ ಬರೆದೆ, ಟೀಚರಾದೆ. ಹುಡುಗಿಯೊಬ್ಬಳ ಓದಿಗಾಗಿ ಒಬ್ಬ ಹೆಂಗಸು ರೈಲನ್ನೇ ನಿಲ್ಲಿಸಿದಳು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆ.

ಹಳಿ ಅಗಲ ಮಾಡಿದಾಗ ಈ ನಿಲುಗಡೆಯನ್ನು ಕೈಬಿಟ್ಟರು. ಈಗ ಆ ಕೋಣೆಗೆ ಚಾವಣಿಯೂ ಇಲ್ಲ. ಟಿಕೆಟ್ ಅಕ್ಕ ಅಲ್ಲೇ ಸಮೀಪದಲ್ಲಿ ಮಗನ ಜೊತೆ ಇದ್ದಾರೆಂದು ತಿಳಿದು ಹೋದೆ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಗುರುತು ಹತ್ತಿತು. ಆ ದಿನದ ಮಾತು ತೆಗೆದು, ನೀವು ಮಾಡಿದ ಉಪಕಾರ ಮರೆತಿಲ್ಲ ಎಂದೆ.

ಅವರು ಹುಣಸೆಹಣ್ಣಿನ ಬುಟ್ಟಿ ಬದಿಗಿಟ್ಟರು.

"ಅದು ನಿಂಗಾಗಿ ಅಲ್ಲ ತಂಗಿ. ನನ್ನ ಮಗ ಸಣ್ಣವ ಇದ್ದ, ಸಾಗರದ ಆಸ್ಪತ್ರೇಲಿ ಜ್ವರ ಬಂದು ಮಲಗಿದ್ದ. ಅವನ ಹತ್ರ ಅಜ್ಜಿ ಒಬ್ಳೇ ಇದ್ಲು. ಅದೇ ರೈಲಿಗೆ ಹೋಗ್ಬೇಕು ಅಂತ ಗಾರ್ಡಿನ ಹತ್ರ ಐದು ನಿಮಿಷ ಕೇಳ್ಕಂಡಿದ್ದೆ. ಟಿಕೆಟ್ ಕಿಟಕಿ ನೋಡ್ಕಳೂಕೆ ಮೈದುನ ಬರ್ತೆ ಅಂದಿದ್ದ, ಬರ್ಲೇ ಇಲ್ಲ. ಅಷ್ಟೊತ್ತಿಗೆ ನೀ ಬಂದೆ."

"ಮತ್ತೆ ನೀವು?"

"ಎಂತ ಮಾಡೂದು? ಸಂಜೆ ರೈಲಿಗೆ ಹೋದೆ. ಜ್ವರ ಇಳಿದಿತ್ತು. ನನ್ನ ಕಂಡು ಗೋಡೆ ಬದಿಗೆ ತಿರುಗಿ ಮಲಗ್ದ. ಎರಡು ದಿನ ಮಾತಾಡ್ಲಿಲ್ಲ."

ಒಳಗಿನಿಂದ ಮಗ ಚಹಾ ತಂದ. ನಲವತ್ತು ದಾಟಿದ ಗಟ್ಟಿ ಆಳು. ಆ ಮಾತು ಕೇಳಿಸಿತೋ ಇಲ್ಲವೋ, ತಾಯಿಯ ಲೋಟವನ್ನು ಊದಿ ಆರಿಸಿ ಕೊಟ್ಟ.

ನನಗೆ ನಾಚಿಕೆಯಾಯಿತು. ಆ ದಿನ ರೈಲಿನ ಕಿಟಕಿಯಿಂದ ಕೈಬೀಸಿದ್ದೆ. ಅವರು ಬೀಸಿದರೇ, ಅವರ ಮುಖ ಹೇಗಿತ್ತು, ಯಾವುದೂ ನೆನಪಿಲ್ಲ. ನನ್ನ ಪರೀಕ್ಷೆಯ ಮೊದಲ ಪ್ರಶ್ನೆ ಇಂದಿಗೂ ನೆನಪಿದೆ.

"ಬರೀತೇನೆ, ಅಕ್ಕ. ಹೆಂಗೆ ಆಯ್ತೋ ಹಾಂಗೇ."

"ಬರಿ. ಮೈದುನನ ವಿಷ್ಯ ಬೇಡ, ಪಾಪ, ಸತ್ತು ಹೋಯ್ದ." ಒಂದು ಗುಟುಕು ಚಹಾ ಕುಡಿದು, "ಈ ಹೊಸ ರೈಲು ಒಂದಿನನೂ ಹತ್ಲಿಲ್ಲ ನೋಡು" ಎಂದರು.

ಮರುವಾರ ಅವರನ್ನು ಕಾರಿನಲ್ಲಿ ತಾಳಗುಪ್ಪಕ್ಕೆ ಕರೆದೊಯ್ದು ರೈಲು ಹತ್ತಿಸಿ, ನಾನೂ ಹತ್ತಿದೆ. ಕಿಟಕಿ ಪಕ್ಕವೇ ಕೂರಿಸಿದ್ದೆ. ಹಳೆಯ ಸ್ಟೇಶನ್ ಹತ್ತಿರ ಬಂದಾಗ ಹೇಳಬೇಕೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಎದುರು ಸೀಟಿನ ಬಾಣಂತಿಯ ಮಗು ಅಳತೊಡಗಿತು. ಟಿಕೆಟ್ ಅಕ್ಕ ಅದನ್ನು ಎತ್ತಿಕೊಂಡು ತೊಡೆಯ ಮೇಲೆ ಮಲಗಿಸಿ, "ಎಷ್ಟು ತಿಂಗಳು? ತವರಿಗೆ ಹೋಗ್ತಿದ್ಯಾ?" ಎಂದು ವಿಚಾರಿಸತೊಡಗಿದರು. ಕೋಣೆ ಕಣ್ಣೆದುರು ಬಂದು ಹಿಂದೆ ಸರಿಯಿತು. ಅವರ ಕಣ್ಣು ಮಗುವಿನ ಮೇಲಿತ್ತು. ಸಾಗರ ಬರುವ ತನಕ ಅವರು ಮಗುವನ್ನು ಕೆಳಗಿಳಿಸಲಿಲ್ಲ.