ಸರ್ಕಾರದ ಮಾತ್ರೆಯಲ್ಲಿ ಪಕ್ಕದ ಮನೆಯ ಪಾಲು

"ಸರ್ಕಾರದ್ದು ಅಂದ್ರೆ ಹಂಚ್ಕೊಂಡು ತಿನ್ನೋದು" ಎಂದು ನನಗೆ ಮೊದಲು ಹೇಳಿದವರು ಕುಂದಾಣದ ಕಡೆಯ ಮುನಿತಾಯಮ್ಮಜ್ಜಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆಬಾಗಿಲಿಗೇ ತಲುಪಲಿ ಎಂದು ರಾಜ್ಯ ಸರ್ಕಾರ ತೀರ್ಮಾನಿಸಿದೆಯಲ್ಲ, ಅದು ಹೇಗೆ ನಡೆದಿದೆ ಎಂದು ನೋಡಿ ಬರುವ ಕೆಲಸ ನನ್ನದು. ಆಶಾ ಕಾರ್ಯಕರ್ತೆ ರತ್ನಮ್ಮನವರ ಜೊತೆ ಹೋಗಿದ್ದೆ.

ಮಾತ್ರೆ ತಪ್ಪದೆ ಬರುತ್ತಿದ್ದರೂ ಅಜ್ಜಿಯ ಬಿಪಿ ಇಳಿದಿರಲಿಲ್ಲ. ರತ್ನಮ್ಮನವರಿಗೆ ಗಾಬರಿ.

"ಹಿಂಗೇ ಇದ್ರೆ ಲಕ್ವ ಹೊಡೆಯುತ್ತೆ ಅಜ್ಜಿ. ದಿನಾ ತಗೋತಿದ್ದೀಯಾ?"

"ನನ್ನ ಪಾಲಿಂದು ತಗೋತೀನಿ ಕಣವ್ವ. ಮಿಕ್ಕಿದ್ದು ಸೊಸೆಗೆ, ಪಕ್ಕದ್ಮನೆ ಜಯಮ್ಮಂಗೆ. ಅವ್ಳಿಗೂ ತಲೆ ಸುತ್ತುತ್ತೆ. ರೇಷನ್ ಅಕ್ಕಿ ಬಂದ್ರೆ ನಾನೊಬ್ಳೇ ಉಣ್ತೀನಾ?"

ವಿಧಾನಸೌಧದಲ್ಲಿ ಕೂತು ಯೋಜನೆ ಬರೆದವರಿಗೆ ಈ ಪ್ರಶ್ನೆ ಹೊಳೆದಿರಲಿಕ್ಕಿಲ್ಲ.

"ಅವ್ರಿಗೆ ಬೇಕಿದ್ರೆ ಅವ್ರಿಗೂ ಸರ್ಕಾರನೇ ಕೊಡುತ್ತೆ. ಮೊದ್ಲು ಬಿಪಿ ನೋಡಿಸ್ಬೇಕು ಅಷ್ಟೆ. ನಿನ್ನ ಮಾತ್ರೆ ನಿಂಗೇ" ಎಂದರು ರತ್ನಮ್ಮ.

"ಇದನ್ನ ಆವಾಗ್ಲೇ ಹೇಳೋಕೇನಾಗಿತ್ತು?" ಎಂದ ಅಜ್ಜಿ ಗೋಡೆಯಾಚೆ ಕೂಗಿದರು, "ಲೇ ಜಯಮ್ಮಾ, ಬಾರೇ ಇಲ್ಲಿ, ಬಟ್ಟೆ ಆಮೇಲೆ ಒಗೆದ್ರಾಯ್ತು!" ಸ್ವಲ್ಪ ಹೊತ್ತಿಗೆ ಜಗಲಿ ತುಂಬ ಹೆಂಗಸರು ತೋಳು ಚಾಚಿ ಕೂತಿದ್ದರು.

ಮುಂದಿನ ಸಲ ಹೋದಾಗ ಅಜ್ಜಿಯ ಬಿಪಿ ಇಳಿದಿತ್ತು. ನಾವು ಹೊರಡುವಾಗ ಅಜ್ಜಿ ರತ್ನಮ್ಮನವರ ಕೈ ಹಿಡಿದು ಕೇಳಿದರು, "ಮಾತ್ರೆ ಹಂಚಬಾರ್ದು ಅನ್ನೋ ಮಾತನ್ನಾದ್ರೂ ಹಂಚ್ಬೋದು ತಾನೆ?"

ರತ್ನಮ್ಮ ಹೂಂ ಅಂದರು. ಅಜ್ಜಿ ಕೊಟ್ಟ ಪಾಲನ್ನು ನಿಮಗೆ ಮುಟ್ಟಿಸಿದ್ದೇನೆ. ನೀವೂ ಪಕ್ಕದ ಮನೆಗೆ ಒಂದಿಷ್ಟು ಕೊಡಿ.